ಬೆನ್ನುಹುರಿಗೆ ಪೆಟ್ಟಾದವರಿಗೆ ಸರ್ಕಾರದಿಂದ ಏನು ಸಿಗುತ್ತದೆ? ಮನೆ ಹೇಗೆ ಸರಿಮಾಡಬೇಕು?

ಕಾಪು ಹತ್ತಿರ ತಮ್ಮನ ಬೈಕಿಗೆ ಲಾರಿ ಬಡಿದು ಸೊಂಟದ ಕೆಳಗೆ ಸ್ವಾಧೀನ ಹೋಗಿದೆ, ಹಣಕ್ಕೆ ಎಲ್ಲಿ ಹೋಗಬೇಕು, ಹಳೇ ಹಂಚಿನ ಮನೆಯನ್ನು ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನೂ ಉಡುಪಿ ಕಡೆಯವನೇ, ವೀಲ್‌ಚೇರಿನಲ್ಲಿ ಓಡಾಡುವವನು.

ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ, ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆ. ಮೂತ್ರದ ಹಿಡಿತ ಇಲ್ಲದಿದ್ದರೆ ತಮ್ಮ ನಾಚಿಕೆಪಡದೆ ಡಾಕ್ಟರಿಗೆ ಹೇಳಲಿ. ಅಂಗವೈಕಲ್ಯದ ಶೇಕಡಾ ಲೆಕ್ಕದಲ್ಲಿ ಅದೂ ಸೇರುತ್ತದೆ. ಶೇ 75ಕ್ಕಿಂತ ಜಾಸ್ತಿ ಬಂದರೆ ನಾಡಕಚೇರಿಯಲ್ಲಿ ಪಿಂಚಣಿಗೆ ಅರ್ಜಿ ಹಾಕಿ. ಆದಾಯ ಮಿತಿ ಇದೆ, ಸಿಗುವುದು ತಿಂಗಳಿಗೆ 1,400 ರೂಪಾಯಿ. ಕ್ಯಾಥೆಟರ್, ಡೈಪರ್ ಖರ್ಚಿಗೂ ಇದು ಸಾಲದು. ಈ ಮೊತ್ತ ಏರಲೇಬೇಕು. ಆದರೂ ಬಿಡಬೇಡಿ.

ಮನೆ ಕೆಲಸಕ್ಕೆ ಪಂಚಾಯತಿನಲ್ಲಿ ಕೇಳಿ. ಅವರ ಸ್ವಂತ ನಿಧಿಯಲ್ಲಿ ಶೇ 5 ಅಂಗವಿಕಲರಿಗೆಂದೇ ಇಡಬೇಕು. ಬಾಯಲ್ಲಿ ಹೇಳಿದರೆ ಆಗಲ್ಲ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅಂಗವಿಕಲರ ಕೆಲಸಕ್ಕೆಂದೇ ಇರುವ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಜೊತೆಗಿದ್ದರೆ ಸುಲಭ.

ದೊಡ್ಡ ಹಣ ಬರುವುದಿದ್ದರೆ ಅದು ಅಪಘಾತ ಪರಿಹಾರದ ಕೇಸಿನಿಂದಲೇ. ಅರ್ಜಿಗೆ ಕಾಯ್ದೆಯಲ್ಲಿ 6 ತಿಂಗಳ ಗಡುವಿದೆ, ಇವತ್ತೇ ವಕೀಲರನ್ನು ನೋಡಿ. ಆಸ್ಪತ್ರೆ ಬಿಲ್ ಮಾತ್ರ ಅಲ್ಲ, ನೋಡಿಕೊಳ್ಳುವವರ ಖರ್ಚು, ಮುಂದಿನ ಚಿಕಿತ್ಸೆ, ಮನೆ ಸರಿಮಾಡಿಸುವ ಖರ್ಚು ಎಲ್ಲವನ್ನೂ ಕೇಳಲು ಹೇಳಿ. ಅದಕ್ಕೇ ಮನೆ ಕೆಲಸದ ಮೇಸ್ತ್ರಿಯಿಂದ ಸಹಿ ಹಾಕಿದ ಬಿಲ್ ತಪ್ಪದೆ ಇಸ್ಕೊಳ್ಳಿ.

ಇನ್ನು ಮನೆ. ಎಲ್ಲರೂ ರ‍್ಯಾಂಪ್‌ನಿಂದ ಶುರುಮಾಡುತ್ತಾರೆ, ನಾನು ಬಚ್ಚಲಿನಿಂದ ಅನ್ನುತ್ತೇನೆ. ಅಂಗಳಕ್ಕೆ ಯಾರಾದರೂ ಎತ್ತಿ ಇಳಿಸಬಹುದು. ಆದರೆ ಬೆಳಿಗ್ಗೆ ಕಕ್ಕಸಿಗೆ ತಾನೇ ಹೋಗಿ ಬರುವಂತಾದರೆ ಮನುಷ್ಯನ ಮುಖವೇ ಬೇರೆಯಾಗುತ್ತದೆ. ಬಾಗಿಲು 3 ಅಡಿ ಅಗಲ ಇರಲಿ, ಹೊರಗೆ ತೆರೆಯಲಿ. ಹೊಸ್ತಿಲು ತೆಗೆಸಿ. ಕಮೋಡ್ ವೀಲ್‌ಚೇರಿನ ಸೀಟಿನ ಎತ್ತರಕ್ಕೇ ಇರಲಿ, ಆಗ ಪಕ್ಕಕ್ಕೆ ಸರಿದು ಕೂರಬಹುದು. ಗೋಡೆಯ ಹಿಡಿಕೆಗೆ ಅವನನ್ನೇ ಕೂರಿಸಿ, ಕೈ ಎಲ್ಲಿಗೆ ಬರುತ್ತದೆ ನೋಡಿ ಗುರುತು ಹಾಕಿಸಿ. ಸ್ನಾನದ ನೀರು ಮೊದಲು ನಿಮ್ಮ ಕೈಗೆ ಹಾಕಿ ನೋಡಿ, ಅವನ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ.

ರ‍್ಯಾಂಪ್‌ಗೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಜಾಗ ಸಾಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಿ. ನಮ್ಮ ಮಳೆಗೆ ಪಾಚಿ ಹಿಡಿಯುತ್ತದೆ, ಹಾಗಾಗಿ ಟೈಲ್ಸ್ ಬೇಡ, ಗೀರು ಎಳೆದ ಕಾಂಕ್ರೀಟೇ ಇರಲಿ. ನಿಮ್ಮ ಜಗಲಿಯ ಎತ್ತರ, ಅಂಗಳದ ಅಳತೆ ಬರೆಯಿರಿ. ಎಲ್ಲಿ ತಿರುಗಿಸಬಹುದು ಅಂತ ಲೆಕ್ಕ ಹಾಕಿ ಹೇಳುತ್ತೇನೆ.