ಮೊದಲು ತಬರನನ್ನು ನೋಡಿ

ಮಲೆನಾಡಿನ ಕಥೆ, ಕಾದಂಬರಿ ಆಧರಿಸಿದ ಸಿನಿಮಾಗಳಲ್ಲಿ ಮೊದಲು ಯಾವುದು ನೋಡಲಿ, ಪುಸ್ತಕ ಓದಿಯೇ ನೋಡಬೇಕಾ ಅಂತ ಕೇಳಿದ್ದೀರಿ. ನನ್ನ ಓಟು ‘ತಬರನ ಕಥೆ’ಗೆ. ಬರೆದದ್ದು ತೇಜಸ್ವಿ, ಸಿನಿಮಾ ಮಾಡಿದ್ದು ಗಿರೀಶ್ ಕಾಸರವಳ್ಳಿ. ಪಿಂಚಣಿಗಾಗಿ ಅಲೆಯುವ ಜವಾನ, ಮನೆಯಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆಯುತ್ತಿರುವ ಹೆಂಡತಿ, ಇಷ್ಟೇ ಕಥೆ. ಆದರೆ ಚಾರುಹಾಸನ್ ಮುಖ ನೋಡ್ತಾ ಕೂತರೆ ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ನಾವೇ ಕಾಯ್ತಾ ಇದ್ದೀವಿ ಅನ್ನಿಸುತ್ತೆ. ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ಸುಮ್ನೆ ಅಲ್ಲ. ಕಥೆ ಚಿಕ್ಕದು, ಮೊದಲು ಓದಿದರೂ ಆಮೇಲೆ ಓದಿದರೂ ನಷ್ಟವಿಲ್ಲ.

ಆಮೇಲೆ 1977ರ ‘ಘಟಶ್ರಾದ್ಧ’. ಕಥೆ ಅನಂತಮೂರ್ತಿಯವರದು, ನಿರ್ದೇಶನ ಮತ್ತೆ ಕಾಸರವಳ್ಳಿ. ಇಬ್ಬರೂ ನಮ್ಮ ತೀರ್ಥಹಳ್ಳಿ ಕಡೆಯವರೇ (ಜಂಬ ಅಲ್ಲ, ಅಂದ್ರೆ ಸ್ವಲ್ಪ ಇದೆ). ಎಲ್ಲವನ್ನೂ ನಾಣಿ ಅನ್ನೋ ಹುಡುಗನ ಕಣ್ಣಲ್ಲೇ ತೋರಿಸುತ್ತಾರೆ, ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗಿ ಹೊಟ್ಟೆ ಕಿವುಚುತ್ತೆ. ಇದನ್ನು ಮಾತ್ರ ಓದದೇ ನೋಡಿ.

‘ಕಾನೂರು ಹೆಗ್ಗಡಿತಿ’ಗೆ ನನ್ನ ಸಲಹೆ ಉಲ್ಟಾ. ಕಾರ್ನಾಡರ 1999ರ ಸಿನಿಮಾ ಕೆಟ್ಟದ್ದೇನಲ್ಲ, ಆದರೆ ಕುವೆಂಪು ಅವರ ಅಷ್ಟು ದಪ್ಪ ಕಾದಂಬರಿ, ಅದರೊಳಗಿನ ಕಾಡು, ಬೇಟೆ, ಆಳುಕಾಳು ಎಲ್ಲ ಒಂದು ಸಿನಿಮಾದಲ್ಲಿ ಹಿಡಿಸಲ್ಲ ಅಲ್ವಾ? ಮಳೆಗಾಲ ಶುರುವಾದಾಗ ಪುಸ್ತಕ ಹಿಡಿದು ಕೂತುಬಿಡಿ.