ಬೆಳಿಗ್ಗೆ 76, ಮಧ್ಯಾಹ್ನ 86

ಪ್ರಶ್ನೆ: ನನಗೆ 31 ವರ್ಷ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಗಾಲ್ಫ್ ಪ್ರೊಫೆಷನಲ್ ಆಗಿ, ಕಲಿಸುವುದನ್ನೇ ಕಸುಬು ಮಾಡಿಕೊಳ್ಳಬೇಕು ಎಂಬುದು ಬಹಳ ದಿನದ ಆಸೆ. ನನ್ನ ಹ್ಯಾಂಡಿಕ್ಯಾಪ್ ಇಂಡೆಕ್ಸ್, ಅಂದರೆ ಆಟದ ಮಟ್ಟ ತೋರಿಸುವ ಅಂಕಿ (ಕಡಿಮೆಯಾದಷ್ಟೂ ಒಳ್ಳೆಯದು), 5. ಅಮೆರಿಕದ ವೃತ್ತಿಪರ ಗಾಲ್ಫರ್‌ಗಳ ಸಂಘವಾದ ಪಿಜಿಎ ನಡೆಸುವ ಪಿಎಟಿ, ಅಂದರೆ ಆಟದ ಸಾಮರ್ಥ್ಯ ಪರೀಕ್ಷೆಗೆ ಎರಡು ಸಲ ಹೋದೆ. ಒಂದೇ ದಿನ 36 ಹೋಲ್. ಕೋರ್ಸ್ ರೇಟಿಂಗ್ (ನುರಿತ ಆಟಗಾರನಿಗೆ ಒಂದು ಸುತ್ತಿಗೆ ಬೇಕಾಗುವ ಹೊಡೆತ) 72, ಸ್ಲೋಪ್ (ಉಳಿದವರಿಗೆ ಕೋರ್ಸ್ ಎಷ್ಟು ಕಷ್ಟ ಎಂಬ ಅಳತೆ) 124; ಗುರಿ ಎರಡು ಸುತ್ತು ಸೇರಿ 159 ಹೊಡೆತದೊಳಗೆ. ಮೊದಲ ಸಲ 78 ಮತ್ತು 86, ಎರಡನೇ ಸಲ 76 ಮತ್ತು 86. ಎರಡೂ ಸಲ ಮಧ್ಯಾಹ್ನ ಕೈಕೊಟ್ಟಿತು. ಜೊತೆಗೆ ಆಡುವವರು ‘ಆಟ ಇದೆ, ಧೈರ್ಯ ಇಲ್ಲ, ಕೆಲಸ ಬಿಟ್ಟು ಆರು ತಿಂಗಳು ಪ್ರಾಕ್ಟೀಸ್ ಮಾಡು’ ಅನ್ನುತ್ತಾರೆ. ಹೆಂಡತಿ ‘ಎರಡು ಸಲ ನೋಡಿದ್ದಾಯ್ತಲ್ಲ, ಸಾಕು’ ಅನ್ನುತ್ತಾಳೆ. ಈ ಮಧ್ಯೆ ಪರಿಚಯದ ಇಬ್ಬರು ದುಡ್ಡು ಕೊಡುತ್ತೇವೆ, ಭಾನುವಾರ ಕಲಿಸಿ ಎಂದು ಕೇಳಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಧೈರ್ಯದ ಮಾತು ಆಮೇಲೆ. ಮೊದಲು ಲೆಕ್ಕ ನೋಡೋಣ, ಅದು ನಿಮ್ಮದೇ ಕಸುಬು.

ಗುರಿ ಹಾಕುವುದು ಹೀಗೆ: ಕೋರ್ಸ್ ರೇಟಿಂಗ್‌ನ ಎರಡರಷ್ಟು, ಅದಕ್ಕೆ 15 ಸೇರಿಸಿ. ಸುತ್ತಿಗೆ ಏಳೂವರೆ ಹೊಡೆತದ ರಿಯಾಯಿತಿ ಸಿಕ್ಕಂತಾಯಿತು. ‘ನನ್ನದು ಐದು, ಅವರು ಕೊಡುವುದು ಏಳೂವರೆ, ಮತ್ತೇಕೆ ಸೋತೆ’ ಎಂಬ ಕೊರಗು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಈ ಐದು ಎಂಬ ಸಂಖ್ಯೆ ನಿಮ್ಮ ಸರಾಸರಿ ಆಟವಲ್ಲ. ಕೊನೆಯ 20 ಸುತ್ತುಗಳಲ್ಲಿ ಚೆನ್ನಾಗಿ ಆಡಿದ 8ನ್ನು ಹೆಕ್ಕಿ ತೆಗೆದ ಸರಾಸರಿ ಅದು. ಉಳಿದ 12 ಸುತ್ತು ಅದರಲ್ಲಿ ಲೆಕ್ಕಕ್ಕೇ ಇಲ್ಲ.

ಸ್ಲೋಪ್ 113 ಇದ್ದರೆ ಐದು ಎಂದರೆ ಐದೇ. 124 ಇರುವಲ್ಲಿ 5ನ್ನು 124ರಿಂದ ಗುಣಿಸಿ 113ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಐದೂವರೆ. ಅದನ್ನು ರೇಟಿಂಗ್ 72ಕ್ಕೆ ಸೇರಿಸಿದರೆ ನಿಮ್ಮ ಒಳ್ಳೆಯ ದಿನದ ಸ್ಕೋರು 77.5. ಸಾಮಾನ್ಯವಾಗಿ ಇಪ್ಪತ್ತೂ ಸುತ್ತುಗಳ ಸರಾಸರಿ ಇದಕ್ಕಿಂತ ಮೂರು ಹೊಡೆತದಷ್ಟು ಮೇಲಿರುತ್ತದೆ. 80.5 ಅನ್ನಿ, ಎರಡು ಸುತ್ತಿಗೆ 161. ನೀವು ಆಡಿದ್ದು 164 ಮತ್ತು 162. ಇನ್ನೂ ಒಂದು ಸಂಗತಿ ಇದೆ. ಹ್ಯಾಂಡಿಕ್ಯಾಪ್‌ಗೆ ಸ್ಕೋರು ಹಾಕುವಾಗ ಒಂದು ಹೋಲ್‌ನಲ್ಲಿ ಎಷ್ಟೇ ಕೆಟ್ಟು ಆಡಿದರೂ ನೆಟ್ ಡಬಲ್ ಬೋಗಿಗೆ, ಅಂದರೆ ಆ ಹೋಲ್‌ಗೆ ನಿಗದಿಯಾದ ಹೊಡೆತ (ಪಾರ್), ಅದರ ಮೇಲೆ ಎರಡು, ಜೊತೆಗೆ ಅಲ್ಲಿ ನಿಮಗಿರುವ ಹ್ಯಾಂಡಿಕ್ಯಾಪ್ ರಿಯಾಯಿತಿ, ಇಷ್ಟಕ್ಕೆ ಮಿತಿ ಹಾಕಿಬಿಡುತ್ತಾರೆ. ಪರೀಕ್ಷೆಯಲ್ಲಿ ಆ ಕರುಣೆ ಇಲ್ಲ, 9 ಹೊಡೆದರೆ 9 ಬರೆಯಬೇಕು. ಹಾಗಾಗಿ ನೀವು ಕೈನಡುಕದಿಂದ ಸೋತಿದ್ದೀರಿ ಎಂಬ ಗೆಳೆಯರ ತೀರ್ಪು ನನಗೆ ಒಪ್ಪಿಗೆಯಿಲ್ಲ. ಇರುವಷ್ಟು ಆಟವನ್ನು ಆಡಿಯೇ ಬಂದಿದ್ದೀರಿ. ಇಂಡೆಕ್ಸ್ 3ರ ಹತ್ತಿರ ಇಳಿದರೆ ಇದೇ ಲೆಕ್ಕದಲ್ಲಿ ಎರಡು ಸುತ್ತು ಸೇರಿ 157ರ ಆಸುಪಾಸು ಬರುತ್ತದೆ. ಅಲ್ಲಿಗೆ ತಲುಪುವವರೆಗೆ ಮತ್ತೆ ಶುಲ್ಕ ಕಟ್ಟಬೇಡಿ.

ಆ ಐದು ಕೂಡ ನಿಜವಾದ ಐದೇ ಎಂದು ನೋಡಿಕೊಳ್ಳಿ. ಗೆಳೆಯರ ಜೊತೆ ಆಡುವಾಗ ಎರಡಡಿಯ ಪಟ್ (ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ) ಇದ್ದರೆ ‘ಎತ್ತಿಕೊಳ್ಳಪ್ಪ’ ಅನ್ನುವುದು, ಹುಲ್ಲಿನಲ್ಲಿ ಹೂತ ಚೆಂಡನ್ನು ಶೂ ತುದಿಯಿಂದ ಸರಿಪಡಿಸುವುದು, ಮೊದಲ ಟೀಯಲ್ಲಿ (ಹೋಲ್ ಶುರುವಾಗುವ ಜಾಗದಲ್ಲಿ) ಇನ್ನೊಂದು ಚೆಂಡು ಹೊಡೆಯುವುದು, ಇವೆಲ್ಲ ಸುತ್ತಿಗೆ ಎರಡು ಹೊಡೆತ ಕದಿಯುತ್ತವೆ. ಎರಡಡಿ ಪಟ್ ಕಷ್ಟವೆಂದಲ್ಲ. ಆದರೆ ವರ್ಷವಿಡೀ ಎತ್ತಿಕೊಂಡವನಿಗೆ 33ನೇ ಹೋಲ್‌ನಲ್ಲಿ ಅದನ್ನು ಹಾಕಲೇಬೇಕಾದಾಗ ಅದು ನಾಲ್ಕಡಿಯಂತೆ ಕಾಣುತ್ತದೆ. ಇವತ್ತಿನಿಂದ ಪ್ರತಿ ಪಟ್ಟನ್ನೂ ಗುಳಿಗೆ ಬೀಳಿಸಿ.

ಇನ್ನು ಮಧ್ಯಾಹ್ನದ ವಿಷಯ. ಬೆಳಿಗ್ಗೆ 76, ಮಧ್ಯಾಹ್ನ 86 ಎಂದರೆ ಹತ್ತು ಹೊಡೆತ. ಇದನ್ನು ಮನಸ್ಸಿನ ಮೇಲೆ ಹೊರಿಸುವ ಮೊದಲು ಕಾಲುಗಳನ್ನು ವಿಚಾರಿಸಿ. ಒಂಬತ್ತು ಹತ್ತು ಗಂಟೆ ಬಯಲಲ್ಲಿ, ನಡೆದು ಆಡಿದರೆ 15 ಕಿಲೋಮೀಟರಿಗೂ ಮೇಲೆ. ಕಾಲು ಸೋತಾಗ ಸೊಂಟ ತಿರುಗುವುದು ಕಡಿಮೆಯಾಗುತ್ತದೆ, ಕೈಗಳೇ ಎಲ್ಲವನ್ನೂ ಮಾಡಲು ಹೊರಡುತ್ತವೆ. ಆಗ ಐರನ್ ಕ್ಲಬ್ಬಿನ ಹೊಡೆತಗಳು ಗ್ರೀನ್‌ನ, ಅಂದರೆ ಗುಳಿಯಿರುವ ನುಣುಪು ಹುಲ್ಲಿನ, ಮುಂದೆಯೇ ಬೀಳುತ್ತವೆ, ಟೀಯಿಂದ ದೂರ ಹೊಡೆಯುವ ಡ್ರೈವರ್‌ನ ಹೊಡೆತ ಬಲಕ್ಕೆ ಜಾರುತ್ತದೆ. ನಿಮ್ಮ ಎರಡೂ ಮಧ್ಯಾಹ್ನದ ಕಾರ್ಡುಗಳನ್ನು ತೆಗೆದು, ಎಷ್ಟು ಅಪ್ರೋಚ್ ಹೊಡೆತ ಗ್ರೀನ್‌ಗೆ ಸಾಲದೆ ಬಿದ್ದವು ಎಂದು ನೆನಪಿರುವಷ್ಟು ಗುರುತು ಹಾಕಿ. ಮುಕ್ಕಾಲು ಪಾಲು ಗಿಡ್ಡವೇ ಇದ್ದರೆ ಉತ್ತರ ಸುಲಭ: 27ನೇ ಹೋಲ್‌ನಿಂದಾಚೆ ಒಂದು ಹಂತ ಹೆಚ್ಚು ದೂರ ಹೋಗುವ ಕ್ಲಬ್ (ಕೋಲು) ತೆಗೆದುಕೊಂಡು ಮೆಲ್ಲಗೆ ಬೀಸಿ. ಎರಡು ಸುತ್ತುಗಳ ನಡುವೆ ಹೊಟ್ಟೆ ತುಂಬ ಉಣ್ಣಬೇಡಿ. ನಾಲ್ಕೈದು ಹೋಲ್‌ಗೊಮ್ಮೆ ಸ್ವಲ್ಪ ತಿಂದು, ಬಾಯಾರುವ ಮುಂಚೆಯೇ ನೀರು ಕುಡಿಯಿರಿ. ತಿಂಗಳಿಗೆ ಎರಡು ದಿನ 36 ಹೋಲ್ ಆಡಿ, ಸ್ಕೋರು ಬರೆದು. ವಾರದಲ್ಲಿ ನಾಲ್ಕು ದಿನ ಪ್ರಾಕ್ಟೀಸ್ ಮಾಡುವ ರೇಂಜ್‌ನಲ್ಲಿ ನೂರು ಚೆಂಡು ಹೊಡೆದವನಿಗೂ ಇದರ ತಯಾರಿ ಆಗಿರುವುದಿಲ್ಲ.

ದೊಡ್ಡ ಸಂಖ್ಯೆಗಳು ಹೇಗೆ ಹುಟ್ಟುತ್ತವೆ ನೋಡಿ. ಪಾರ್ 4 ಹೋಲ್, ಬಲಗಡೆ ಕೋರ್ಸಿನ ಗಡಿ ತೋರಿಸುವ ಬಿಳಿ ಗೂಟಗಳು. ಡ್ರೈವರ್ ಹೊಡೆದಿರಿ, ಚೆಂಡು ಆಚೆ ಹೋಯಿತು. ಮತ್ತೆ ಟೀಯಿಂದಲೇ ಹೊಡೆಯಬೇಕು, ಅದು ಮೂರನೇ ಹೊಡೆತ. ಫೇರ್‌ವೇಗೆ (ಟೀಗೂ ಗ್ರೀನ್‌ಗೂ ನಡುವಿನ ಕತ್ತರಿಸಿದ ಹುಲ್ಲಿಗೆ) ಬಂದರೂ ಗ್ರೀನ್‌ಗೆ ನಾಲ್ಕನೆಯದು, ಎರಡು ಪಟ್, ಒಟ್ಟು 6. ಅದೇ ಟೀಯಿಂದ ಡ್ರೈವರ್‌ಗಿಂತ ಕಡಿಮೆ ದೂರ ಹೋಗುವ ಹೈಬ್ರಿಡ್ ಕ್ಲಬ್ ತೆಗೆದಿದ್ದರೆ ಗ್ರೀನ್‌ಗೆ ದೂರ ಉಳಿದು 5 ಆಗುತ್ತಿತ್ತು, ಅಷ್ಟೇ. ಪಿಎಟಿಯಲ್ಲಿ ಬೋಗಿ, ಅಂದರೆ ಪಾರ್‌ಗಿಂತ ಒಂದು ಹೊಡೆತ ಹೆಚ್ಚು, ಪಾಪವಲ್ಲ. ರೇಟಿಂಗ್‌ಗೆ ಸಮನಾದ ಪಾರ್ ಇರುವ ಕೋರ್ಸಿನಲ್ಲಿ 15 ಬೋಗಿ, 21 ಪಾರ್ ಹೊಡೆದರೂ ಪಾಸು, ಒಂದೂ ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಬೇಡ. ಮರಗಳ ನಡುವೆ ಚೆಂಡು ನಿಂತರೆ ಕಿಂಡಿ ಹುಡುಕಬೇಡಿ, ಪಕ್ಕಕ್ಕೆ ಹೊಡೆದು ಹೊರಬನ್ನಿ. ಎಂಟಡಿಯ ಪಟ್‌ಗಳನ್ನು ವೃತ್ತಿಪರರ ಟೂರ್‌ನಲ್ಲಿ ಆಡುವವರೇ ಅರ್ಧದಷ್ಟು ತಪ್ಪಿಸುತ್ತಾರೆ. ಅದಕ್ಕೆ ಹಲುಬುವ ಬದಲು 30 ಅಡಿಯಿಂದ ಮೊದಲ ಪಟ್ ಮೂರಡಿ ಒಳಗೆ ನಿಲ್ಲಿಸುವುದನ್ನು ರೂಢಿಸಿಕೊಳ್ಳಿ. ಒಂದೇ ಹೋಲ್‌ನಲ್ಲಿ ಮೂರು ಪಟ್ ಹೊಡೆಯುವುದು ನಿಂತರೆ ನಿಮಗೆ ಕಡಿಮೆ ಬಿದ್ದಿರುವ ಹೊಡೆತಗಳಲ್ಲಿ ಅರ್ಧ ಅಲ್ಲೇ ಸಿಗುತ್ತವೆ.

ನಿಯಮದಲ್ಲೂ ಹೊಡೆತ ಸೋರುತ್ತದೆ. ಚೆಂಡು ಕಳೆದಿರಬಹುದು ಅನಿಸಿದರೆ ‘ಪ್ರಾವಿಷನಲ್’ (ತಾತ್ಕಾಲಿಕ ಚೆಂಡು) ಎಂದು ಬಾಯಿಬಿಟ್ಟು ಹೇಳಿಯೇ ಎರಡನೆಯದನ್ನು ಹೊಡೆಯಿರಿ. ಹೇಳದೆ ಹೊಡೆದರೆ ಅದೇ ಆಟದ ಚೆಂಡಾಗುತ್ತದೆ. ಮೊದಲನೆಯದು ಫೇರ್‌ವೇ ಪಕ್ಕದಲ್ಲೇ ಸಿಕ್ಕರೂ ಪ್ರಯೋಜನವಿಲ್ಲ. ಹುಡುಕಲು ಇರುವುದು ಮೂರೇ ನಿಮಿಷ. ಬ್ಯಾಗಿನಲ್ಲಿ 14 ಕ್ಲಬ್ ದಾಟಬಾರದು. ಕಾರ್ಡಿಗೆ ಸಹಿ ಹಾಕುವ ಮುನ್ನ ಪ್ರತಿ ಹೋಲ್‌ನ ಸಂಖ್ಯೆಯನ್ನು ತಾಳೆ ನೋಡಿ.

ಭಾನುವಾರದ ಪಾಠಕ್ಕೆ ಬರುತ್ತೇನೆ. ದುಡ್ಡು ಮುಟ್ಟಿದ ಕ್ಷಣಕ್ಕೆ ನಿಮ್ಮ ಅಮೆಚೂರ್, ಅಂದರೆ ಹವ್ಯಾಸಿ ಆಟಗಾರನ, ಸ್ಥಾನ ಹೋಗುತ್ತದೆ. 2022ರಿಂದ ಜಾರಿಯಲ್ಲಿರುವ ನಿಯಮಗಳು ಮೊದಲಿಗಿಂತ ಸಡಿಲ, ಆದರೆ ವ್ಯಕ್ತಿಗೆ ಪಾಠ ಹೇಳಿ ಹಣ ಪಡೆಯುವುದನ್ನು ಅವು ಒಪ್ಪುವುದಿಲ್ಲ. ಪ್ರೊಫೆಷನಲ್ ಆಗುವವನಿಗೆ ಅದರ ಗೊಡವೆ ಏಕೆ ಅನ್ನಬಹುದು. ಪರೀಕ್ಷೆ ದಾಟುವವರೆಗೆ ಒತ್ತಡದಲ್ಲಿ ಕಾರ್ಡು ಬರೆದು ಆಡಲು ನಿಮಗೆ ಸಿಗುವ ಜಾಗವೇ ಕ್ಲಬ್ಬಿನ ಅಮೆಚೂರ್ ಟೂರ್ನಿಗಳು. ಅವನ್ನು ಈಗಲೇ ಕಳೆದುಕೊಳ್ಳಬೇಡಿ. ಆ ಇಬ್ಬರಿಗೂ ಕಲಿಸಿ, ಪುಕ್ಕಟೆಯಾಗಿ. ನಿಮಗೂ ಅದು ಪರೀಕ್ಷೆಯೇ. ಅವರಲ್ಲಿ ಬಲಗೈಯವನೊಬ್ಬನ ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತಿದ್ದರೆ ಅವನೇನು ಮಾಡುತ್ತಾನೆ? ಇನ್ನಷ್ಟು ಎಡಕ್ಕೆ ತಿರುಗಿ ನಿಲ್ಲುತ್ತಾನೆ. ಅದರಿಂದ ಕ್ಲಬ್ಬಿನ ದಾರಿ ಇನ್ನಷ್ಟು ಹೊರಗಿನಿಂದ ಒಳಗೆ ಬಂದು ಬಾಗು ಹೆಚ್ಚುತ್ತದೆ. ಚೆಂಡು ಹೊರಡುವ ದಿಕ್ಕಿನಲ್ಲಿ ದೊಡ್ಡ ಪಾಲು ಕ್ಲಬ್ ಮುಖದ್ದು, ಐರನ್‌ನಲ್ಲಿ ಸುಮಾರು 75, ಡ್ರೈವರ್‌ನಲ್ಲಿ 85 ಪ್ರತಿಶತ. ಮುಖಕ್ಕೂ ದಾರಿಗೂ ಇರುವ ವ್ಯತ್ಯಾಸ ಬಾಗನ್ನು ತರುತ್ತದೆ. ಇದನ್ನು ಆ ಮನುಷ್ಯನಿಗೆ ಎರಡು ವಾಕ್ಯದಲ್ಲಿ ತಿಳಿಸಿ, ಹಿಡಿತ ಬದಲಿಸಿ, ಹತ್ತು ಚೆಂಡಿನಲ್ಲಿ ನಾಲ್ಕಾದರೂ ನೆಟ್ಟಗೆ ಹೋಗುವಂತೆ ಮಾಡಬಲ್ಲಿರಾ? ‘ತಲೆ ಎತ್ತಬೇಡಿ’ ಎಂದಷ್ಟೇ ಹೇಳಿ ಕಳಿಸುವವರು ಬೇಕಾದಷ್ಟು ಜನ ಇದ್ದಾರೆ.

ಕೆಲಸ ಬಿಡುವ ಪ್ರಶ್ನೆ. ಆರು ತಿಂಗಳ ಪ್ರಾಕ್ಟೀಸ್‌ಗಾಗಿ ಖಂಡಿತ ಬೇಡ. ಪಿಎಟಿ ಬಾಗಿಲು ಮಾತ್ರ. ಆಮೇಲೆ ಗಾಲ್ಫ್ ಕ್ಷೇತ್ರದಲ್ಲಿ ಕೆಲಸ ಮಾಡುತ್ತಲೇ ಮೂರು ಹಂತದ ಓದು, ಪರೀಕ್ಷೆ ಮುಗಿಸಬೇಕು. ಹೊರಗೆ ಕೂತು ಮುಗಿಸುವಂಥದ್ದಲ್ಲ. ಹಾಗಾಗಿ ಕ್ಲಬ್ಬಿನಲ್ಲಿ ನೌಕರಿಯ ಪತ್ರ ಕೈಗೆ ಬಂದ ದಿನ ರಾಜೀನಾಮೆ ಕೊಡಿ, ಅದಕ್ಕೂ ಮುಂಚೆ ಅಲ್ಲ. ಒಂದು ವಾರದಲ್ಲಿ ಕೊಡುವ ಕೋಚಿಂಗ್ ಪ್ರಮಾಣಪತ್ರಗಳೂ ಇವೆ. ದುಡ್ಡು ಕಟ್ಟುವ ಮುನ್ನ ನೀವು ಸೇರಬೇಕೆಂದಿರುವ ಕ್ಲಬ್ಬುಗಳ ನೇಮಕಾತಿ ಜಾಹೀರಾತು ಓದಿ, ಅಲ್ಲಿ ಯಾವ ಅರ್ಹತೆ ಕೇಳಿದ್ದಾರೆ ನೋಡಿ.

ಆ ಕೆಲಸ ಏನೆಂಬುದೂ ಗೊತ್ತಿರಲಿ. ಅಮೆರಿಕದಲ್ಲಿ ಟೂರ್ ಆಟಗಾರರು 1968ರಲ್ಲೇ ಪಿಜಿಎಯಿಂದ ಬೇರೆಯಾದರು. ಟಿವಿಯಲ್ಲಿ ಕಾಣುವವರ ಬದುಕಿಗೂ ಕ್ಲಬ್ ಪ್ರೊಫೆಷನಲ್‌ನ ಬದುಕಿಗೂ ಸಂಬಂಧ ಕಡಿಮೆ. ಇಲ್ಲಿ ಬೆಳಕು ಹರಿಯುವ ಮುಂಚೆ ಅಂಗಡಿ ತೆರೆಯಬೇಕು, ಟೀ ಸಮಯದ ಪಟ್ಟಿ ನೋಡಬೇಕು, ಸದಸ್ಯರ ಜಗಳ ಬಿಡಿಸಬೇಕು, ಟೂರ್ನಿ ನಡೆಸಬೇಕು, ಹಳೇ ಗ್ರಿಪ್ ಕಿತ್ತು ಹೊಸದು ಹಾಕಬೇಕು, ದಾಸ್ತಾನು ಎಣಿಸಬೇಕು. ನಿಮ್ಮ ಲೆಕ್ಕಪತ್ರದ ಅನುಭವಕ್ಕೆ ಅಲ್ಲಿ ನಿಜಕ್ಕೂ ಬೆಲೆ ಇದೆ. ಆಟಕ್ಕೆ ಸಮಯ ಮಾತ್ರ ಈಗಿನದಕ್ಕಿಂತ ಕಡಿಮೆ.

ಜನ ಆಡುವುದು ಶನಿವಾರ, ಭಾನುವಾರ, ಹಬ್ಬದ ರಜೆಗಳಲ್ಲಿ. ನಿಮಗೆ ಕೆಲಸ ಇರುವುದೂ ಆಗಲೇ. ನಿಮ್ಮ ಹೆಂಡತಿಯ ‘ಸಾಕು’ ಎಂಬ ಮಾತು ಎರಡು ಸೋಲಿನ ಬಗ್ಗೆಯೋ, ಈ ಭಾನುವಾರಗಳ ಬಗ್ಗೆಯೋ ಎಂದು ಕೇಳಿದ್ದೀರಾ? ಪತ್ರದಲ್ಲಿ ಅದಿಲ್ಲ. ಮೂರು ತಿಂಗಳು ವಾರಾಂತ್ಯದಲ್ಲಿ ರೇಂಜ್ ಕೌಂಟರಿನಲ್ಲಿ ಕೆಲಸ ಹಿಡಿಯಿರಿ. ಪಾಠ ಹೇಳದೆ ಚೆಂಡಿನ ಬುಟ್ಟಿ ಕೊಡುವುದಕ್ಕೆ ಅಮೆಚೂರ್ ಸ್ಥಾನದ ತೊಡಕಿಲ್ಲ. ಆ ಮೂರು ತಿಂಗಳ ಭಾನುವಾರಗಳು ಮನೆಯಲ್ಲಿ ಹೇಗೆ ಕಳೆದವು ಎಂದು ಇಬ್ಬರೂ ಕೂತು ಮಾತಾಡಿ, ಆಮೇಲೆ ಮೂರನೇ ಸಲದ ಅರ್ಜಿ ತುಂಬಿ.