ಸ್ನಾನಕ್ಕೂ ‘ಬಾ’, ಬೈಯೋಕೂ ‘ಬಾ’

ಪ್ರಶ್ನೆ: ನಮ್ಮದು ಎರಡು ವರ್ಷದ ಪೊಮೆರೇನಿಯನ್. ಪಾರ್ಕಿನಲ್ಲಿ ಲೀಶ್ ಬಿಚ್ಚಿದರೆ ಮುಗೀತು, ಗಂಟಲು ಹರಿದುಕೊಂಡರೂ ತಿರುಗಿ ನೋಡುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಲೀಶ್ ಹಾಕಿ. ಉಳಿದದ್ದು ಆಮೇಲೆ. ಇದೇ ಪ್ರಶ್ನೆ ನನಗೆ ವಾರ ವಾರ ಬರುತ್ತದೆ. ಊರು, ತಳಿ ಮಾತ್ರ ಬೇರೆ.

ಇಂಥದೇ ದೂರಿಗೆ ಒಂದು ಮನೆಗೆ ಹೋಗಿದ್ದೆ. ಐದು ಕೆಜಿಯ ಶಿಟ್ಜು, ಸೋಫಾ ಕೆಳಗೆ ಮಲಗಿತ್ತು. ಯಜಮಾನರು ‘ಬಾ ಬಾ ಬಾ’ ಅಂತ ಎಂಟು ಸಲ ಕರೆದರು. ಒಂದು ಕಿವಿ ಅಲ್ಲಾಡಿತು, ಅಷ್ಟೇ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಅವರ ಹೆಂಡತಿ ಫ್ರಿಜ್ ಬಾಗಿಲು ತೆಗೆದರು. ನಾಯಿ ಟೈಲ್ಸ್ ಮೇಲೆ ಜಾರಿಕೊಂಡು ಓಡಿತು. ಫ್ರಿಜ್ ಹತ್ತಿರ ಅದಕ್ಕೆ ಯಾವತ್ತೂ ಬೈಗುಳ ಸಿಕ್ಕಿಲ್ಲ ನೋಡಿ.

ಒಂದು ದಿನ ಪೂರ್ತಿ ಯಾವಾಗೆಲ್ಲ ‘ಬಾ’ ಅಂದಿರಿ, ಬಂದ ಮೇಲೆ ಏನಾಯ್ತು ಅಂತ ಬರೆದಿಡೋಕೆ ಹೇಳಿದೆ. ಸ್ನಾನ. ಕಿವಿಗೆ ಔಷಧಿ. ಉಗುರು ಕತ್ತರಿಸೋದು. ಚಪ್ಪಲಿ ಕಚ್ಚಿದ್ದಕ್ಕೆ ಏಟು. ಆಟ ಬಿಡಿಸಿ ಮನೆಗೆ. ತಿಂಡಿ ಒಂದೇ ಸಲ. ನಾನಾಗಿದ್ದರೂ ಸೋಫಾ ಕೆಳಗೇ ಇರುತ್ತಿದ್ದೆ.

ನಿಮ್ಮ ಮನೆಯಲ್ಲೂ ಆ ಪದ ಕೆಟ್ಟಿದೆ. ಬಿಟ್ಟುಬಿಡಿ. ‘ಓಡಿ ಬಾ’ ಅನ್ನಿ, ಸೀಟಿ ಊದಿ, ಏನೋ ಒಂದು ಹೊಸದು. ಮನೆಯೊಳಗೆ ಎರಡು ಹೆಜ್ಜೆ ದೂರದಿಂದ ಶುರು ಮಾಡಿ. ಒಂದೇ ಸಲ ಕರೆಯಿರಿ. ಬಂದರೆ ಬೇಯಿಸಿದ ಕೋಳಿ ಅಥವಾ ಪನೀರ್, ಕಡಲೆಕಾಳಿನಷ್ಟು ಚೂರು. ಅದರ ಹೊಟ್ಟೆ ಎಷ್ಟಿದೆ ಅಂತ ನೆನಪಿರಲಿ, ಊಟದಲ್ಲಿ ಅಷ್ಟು ಕಡಿಮೆ ಮಾಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೊಡಲೇಬೇಡಿ, ನಾಯಿಗೆ ವಿಷ.

ಮನೆಯಲ್ಲಿ ತಪ್ಪದೆ ಬರತೊಡಗಿದ ಮೇಲೆ ಟೆರೇಸ್, ಆಮೇಲೆ ಪಾರ್ಕ್. ಪಾರ್ಕಿನಲ್ಲಿ ಎದೆಗೆ ಹಾಕುವ ಹಾರ್ನೆಸ್‌ಗೆ 30 ಅಡಿಯ ತೆಳು ಹಗ್ಗ ಕಟ್ಟಿ, ನೆಲದಲ್ಲಿ ಎಳೆದಾಡಲಿ. ಕರೆದಾಗ ಬರಲಿಲ್ವಾ? ಇನ್ನೊಮ್ಮೆ ಕರೆಯಬೇಡಿ, ಅಟ್ಟಿಸಿಕೊಂಡೂ ಹೋಗಬೇಡಿ. ನೀವೇ ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿ, ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಒಂದು ಅಡಿ ಎತ್ತರದ ಪ್ರಾಣಿಯ ಮೇಲೆ ಬಗ್ಗಿ ಕೈ ಚಾಚಿದರೆ ಅದು ಹಿಂದೆ ಸರಿಯದೆ ಇನ್ನೇನು ಮಾಡುತ್ತೆ? ಬಂದ ಮೇಲೆ ಹಾರ್ನೆಸ್ ಹಿಡಿದು, ತಿಂಡಿ ಕೊಟ್ಟು, ಮತ್ತೆ ಆಡೋಕೆ ಬಿಡಿ. ಎಲ್ಲರೂ ತಪ್ಪುವುದು ಇಲ್ಲೇ. ಹತ್ತು ಸಲ ಕರೆದರೆ ಒಂಬತ್ತು ಸಲ ಬಿಡಬೇಕು. ಸ್ನಾನಕ್ಕೆ ಮಾತ್ರ ಕರೆಯಲೇಬೇಡಿ, ಹೋಗಿ ಎತ್ತಿಕೊಂಡು ಬನ್ನಿ. ಪೊಮೆರೇನಿಯನ್ ತಾನೆ, ಸೊಂಟ ಮುರಿಯಲ್ಲ.

ಇಷ್ಟೆಲ್ಲ ಕಲಿತ ಮೇಲೂ ರಸ್ತೆ ಬದಿಯಲ್ಲಿ ಲೀಶ್ ಬಿಚ್ಚಬೇಡಿ. ನನ್ನ ಡ್ಯಾಶ್‌ಹೌಂಡ್ ಕರೆದರೆ ಬರುವ ನಾಯಿಯೇ. ಒಂದು ದೀಪಾವಳಿಗೆ ಲಕ್ಷ್ಮೀ ಪಟಾಕಿ ಸದ್ದಿಗೆ ಗೇಟು ದಾಟಿ ಓಡಿತು. ಎರಡು ಬೀದಿ ಆಚೆ, ನಿಂತಿದ್ದ ಆಟೋ ಕೆಳಗೆ ನಡುಗುತ್ತಾ ಸಿಕ್ಕಿತು. ನನ್ನ ದನಿ ಅದಕ್ಕೆ ಕೇಳಿಸಲೇ ಇಲ್ಲ. ಅವತ್ತಿನಿಂದ ಗೇಟಿನ ಆಚೆ ಲೀಶ್ ಇಲ್ಲದೆ ಕಾಲಿಡಲ್ಲ. ಜಾಸ್ತಿಯಾಯ್ತು ಅನ್ನುವವರು ಅನ್ನಲಿ.

ಪ್ರಶ್ನೆ: ನಮ್ಮ ಪುಟ್ಟ ನಾಯಿ ವಾಕಿಂಗ್‌ನಲ್ಲಿ ತುಂಬಾ ಎಳೆಯುತ್ತಾನೆ. ಚೋಕ್ ಚೈನ್ ಹಾಕಿ, ಯಜಮಾನ ಯಾರು ಅಂತ ತೋರಿಸಿ ಅಂತಾರೆ ಟ್ರೇನರ್.

ಉತ್ತರ: ಟ್ರೇನರನ್ನು ಬದಲಾಯಿಸಿ. ಎಷ್ಟೋ ಚಿಕ್ಕ ತಳಿಗಳಿಗೆ ಶ್ವಾಸನಾಳ ಕುಸಿಯುವ ಕಾಯಿಲೆ ಬರುವುದು ಹೆಚ್ಚು. ಬಾತುಕೋಳಿ ಕೂಗಿದ ಹಾಗೆ ಕೆಮ್ಮುತ್ತವೆ. ಅಂಥ ಕುತ್ತಿಗೆಗೆ ಸರಪಳಿ ಬಿಗಿಯುತ್ತೀರಾ? ಎದೆಗೆ ಹಾಕುವ ಹಾರ್ನೆಸ್ ತನ್ನಿ, ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಎಳೆದರೆ ನಿಲ್ಲಿ. ಹಗ್ಗ ಸಡಿಲವಾದರೆ ನಡೆಯಿರಿ. ಹಿಂಡನ್ನು ಬಲದಿಂದ ಆಳುವ ‘ಯಜಮಾನ’ನ ಕಥೆ 1947ರದ್ದು, ಕೂಡಿಹಾಕಿದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಬರೆದದ್ದು. ಅದನ್ನು ಜನಪ್ರಿಯ ಮಾಡಿದ ತೋಳ ಸಂಶೋಧಕ ಡೇವಿಡ್ ಮೀಚ್ ಅವರೇ 1999ರಲ್ಲಿ, ಕಾಡಿನ ತೋಳದ ಹಿಂಡು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಅಂತ ಬರೆದರು. ನಮ್ಮ ಬಡಾವಣೆಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಪ್ರಶ್ನೆ: ಒಂಬತ್ತು ವರ್ಷದ ನಾಯಿ ಕಲಿಯುತ್ತದೆಯೇ?

ಉತ್ತರ: ಕಲಿಯುತ್ತದೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಬಟನ್ ಒತ್ತಿದರೆ ಉದ್ದವಾಗುವ ಲೀಶ್ ಒಳ್ಳೆಯದಾ?

ಉತ್ತರ: ಲಿಫ್ಟ್ ಬಾಗಿಲು ಮುಚ್ಚಿದೆ, ನೀವು ಒಳಗೆ, ನಾಯಿ ಹೊರಗೆ. ಬೇಡ.

ಪ್ರಶ್ನೆ: ಒಂದು ತಿಂಗಳು ನಮ್ಮಲ್ಲಿ ಬಿಡಿ, ಗ್ಯಾರಂಟಿ ಕಲಿಸ್ತೀವಿ ಅಂತ ಒಬ್ಬರು ಹೇಳುತ್ತಿದ್ದಾರೆ. ಬಿಡಬಹುದಾ?

ಉತ್ತರ: ನಾಯಿ ಅವರು ಕರೆದರೆ ಬರೋದು ಕಲಿಯುತ್ತದೆ. ಮನೆಗೆ ಬಂದ ಮೇಲೆ ಕರೆಯುವವರು ನೀವು, ಅಲ್ವಾ?